ಭಾಗ್ಯಳ ಕಿವಿಗೆ ದಿಲ್ಲಿಯ ಅನುಮತಿ

ನನ್ನ ಅಂಕಣವನ್ನು ಕೆಂಪು ಪೆನ್ನಿನಲ್ಲಿ ಅಡಿಗೆರೆ ಎಳೆದು ಓದುವವರಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಾದಾಗ ಖುಷಿಯೇ ಆಯಿತು. ಆ ಖುಷಿ ಒಂದು ಲೋಟ ಚಹಾ ಆರುವಷ್ಟು ಹೊತ್ತೂ ಉಳಿಯಲಿಲ್ಲ.

ಶಿಕಾರಿಪುರದ ನಮ್ಮ ಮನೆಯ ಜಗುಲಿಯ ಮೇಲೆ ಬೆಳಿಗ್ಗೆ ಒಬ್ಬರು ಬಂದು ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ತೊಡೆಯ ಮೇಲೆ ರೆಕ್ಸಿನ್ ಬ್ಯಾಗು. ವಿಮೆ ಏಜೆಂಟರಿರಬೇಕು ಅಂದುಕೊಂಡೆ. (ವಿಮೆಯವರು ಮಾತ್ರ ಅಷ್ಟು ವಿನಯದಿಂದ ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು ಬರುತ್ತಾರೆ.) ಚಹಾ ಕೊಟ್ಟೆ.

"ನೀವೇ ಏನ್ರೀ ಮೇಡಂ, ಪೇಪರಿನ್ಯಾಗೆ ವಾರವಾರ ಬರಿಯೋರು?"

"ಹೌದ್ರೀ, ನಾನೇ."

"ಚಲೋ ಬರೀತೀರಿ. ನಮ್ಮ ಮನೆಯವರು ತಪ್ಪದಂಗೆ ಓದ್ತಾರೆ."

ಯಾವ ಅಂಕಣಕಾರ್ತಿಗೆ ಇದು ಸಿಹಿಯಲ್ಲ? ಚಹಾದ ಜೊತೆಗೆ ಎರಡು ಚಕ್ಕುಲಿಯನ್ನೂ ತಂದಿಟ್ಟೆ. ಅವರು ಚಕ್ಕುಲಿ ಮುಟ್ಟಲಿಲ್ಲ. ಬ್ಯಾಗಿನಿಂದ ಪೇಪರಿನ ಒಂದು ಕಟಿಂಗ್ ತೆಗೆದು ನನ್ನ ಮುಂದೆ ಹಿಡಿದರು. ನನ್ನದೇ ಅಂಕಣ. ಅದರಲ್ಲಿ ಎರಡು ಪದಗಳ ಕೆಳಗೆ ಕೆಂಪು ಗೆರೆ: 'ನಾನು ಸ್ವೀಕರಿಸಿದೆ'.

"ಈ ಸಾಲು ನಿಮ್ದೇ ಹೌದಲ್ರೀ?"

"ನಂದೇ. ಯಾಕೆ, ಅಚ್ಚಿನ ತಪ್ಪೇನಾದ್ರೂ ಆಗೇದಾ?"

"ಅಚ್ಚಿನ ತಪ್ಪಾಗಿದ್ರೆ ಚಲೋ ಇತ್ರಿ ಮೇಡಂ," ಎಂದು ಲೋಟ ಕೆಳಗಿಟ್ಟರು. "ನಾನು ಶಿವಮೊಗ್ಗದಿಂದ ಬಂದೀನಿ. ಪೊಲೀಸ್ ಇಲಾಖೆ. ಗುಪ್ತಚರ ವಿಭಾಗ."

ಗುಪ್ತಚರರು? ನಮ್ಮ ಮನೆಗೆ? ಮಾರಾಯರೇ, ನಾನು ಬರೆಯುವುದು ಗ್ಯಾಸ್ ಸಿಲಿಂಡರಿನ ಕ್ಯೂ, ಮದುವೆ ಊಟ, ಕರೆಂಟು ಹೋಗುವ ಸಮಯ ಇಂಥವುಗಳ ಬಗ್ಗೆ!

ಆ ಸಾಲು ಯಾವುದು ಎಂದು ಹೇಳಬೇಕಲ್ಲ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಸೊರಬದ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಕಿವಿ ಕೇಳದ ಮಕ್ಕಳಿಗೆ ಒಂದು ಶಾಲೆ ಇದೆ. ನಡೆಸುವವರು ಸುಲೋಚನಕ್ಕ. ಸರಕಾರಿ ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದು ರಿಟೈರ್ ಆದವರು. ಕಿವಿ ಕೇಳದ ಮಕ್ಕಳು ತರಗತಿಯ ಹಿಂದಿನ ಬೆಂಚಿನಲ್ಲಿ 'ದಡ್ಡರು' ಎನಿಸಿಕೊಂಡು ಕೂತಿದ್ದನ್ನು ನೋಡಿ ನೋಡಿ ಬೇಸತ್ತು, ರಿಟೈರ್ ಆದ ಮೇಲೆ ಬಾಡಿಗೆ ಮನೆ ಹಿಡಿದು ಅಂಥವರಿಗಾಗಿಯೇ ಶಾಲೆ ತೆರೆದರು. ದೂರದ ಊರಿನ ಮಕ್ಕಳು ಅಲ್ಲೇ ಉಳಿದು ಓದುತ್ತಾರೆ. ಅದಕ್ಕೊಂದು ಸಂಸ್ಥೆ, ಸಂಸ್ಥೆಗೊಂದು ಕಮಿಟಿ, ಕಮಿಟಿಗೆ ನಾನು ಅಧ್ಯಕ್ಷೆ. (ಅಧ್ಯಕ್ಷೆ ಎಂದರೆ ಹೂಹಾರ ಹಾಕಿಸಿಕೊಳ್ಳುವವಳಲ್ಲ. ಗಾಂಧಿ ಜಯಂತಿಯ ದಿನ ಮಕ್ಕಳಿಗೆ ಹಂಚಲು ಪೆಪ್ಪರಮಿಂಟು ಕೇಳುತ್ತ ಅಂಗಡಿ ಅಂಗಡಿ ಅಲೆಯುವವಳು.)

ಈ ಶಾಲೆಗೆ ಹಾಲೆಂಡಿನ ಒಬ್ಬ ಹೆಂಗಸು ಬಂದರು. ಹೆಸರು ಎಲ್ಸ್. ಅವರ ದೇಶದಲ್ಲಿ ಜೀವನವಿಡೀ ಕಿವುಡ ಮಕ್ಕಳಿಗೆ ಪಾಠ ಹೇಳಿದವರು. ಚಂದ್ರಗುತ್ತಿಯ ಗುಡ್ಡ ನೋಡಿಕೊಂಡು ವಾಪಸ್ ಬರುವ ಬಸ್ಸಿನಲ್ಲಿ ನಮ್ಮ ಶಾಲೆಯ ಇಬ್ಬರು ಮಕ್ಕಳು ಕೈಸನ್ನೆಯಲ್ಲೇ ಜಗಳ ಆಡುತ್ತಿರುವುದನ್ನು ಕಂಡರಂತೆ. ಸೊರಬದಲ್ಲಿ ಮಕ್ಕಳ ಹಿಂದೆಯೇ ಇಳಿದರು. ಸಂಜೆಯವರೆಗೆ ಶಾಲೆಯ ಚಾಪೆಯ ಮೇಲೆ ಕೂತಿದ್ದರು. ಹೋಗುವ ಮುನ್ನ ಮೇಣದಂಥ ಏನನ್ನೋ ಮಕ್ಕಳ ಕಿವಿಯೊಳಗೆ ಒತ್ತಿ ಅಚ್ಚು ತೆಗೆದುಕೊಂಡರು. ಮರುವರ್ಷ ಒಂದು ಪೆಟ್ಟಿಗೆಯೊಂದಿಗೆ ಬಂದಿಳಿದರು.

ಪೆಟ್ಟಿಗೆಯ ತುಂಬ ಶ್ರವಣ ಯಂತ್ರಗಳು. ಎದೆಯ ಮೇಲೆ ಡಬ್ಬಿ ತೂಗುಹಾಕಿ ಕಿವಿಗೆ ವೈರು ಎಳೆಯುವಂಥವಲ್ಲ. ಗೋಡಂಬಿಯಂತೆ ಬಾಗಿ ಕಿವಿಯ ಹಿಂದೆ ಕೂರುವಂಥವು. ಒಂದೊಂದು ಮಗುವಿನ ಕಿವಿಗೂ ಅಳತೆಗೆ ಸರಿಯಾಗಿ ಮಾಡಿಸಿದಂಥವು.

ಭಾಗ್ಯ ಎಂಬ ಹುಡುಗಿ ಇದ್ದಳು. ಜಡೆ ಎಂಬ ಊರಿನ ಬಸವಣ್ಯಪ್ಪ ಎಂಬ ರೈತರ ಮಗಳು. ಎಂಟೊಂಬತ್ತು ವರ್ಷ ಇರಬಹುದು. ಎಲ್ಸ್ ಅವಳ ಕಿವಿಗೆ ಯಂತ್ರ ಕೂರಿಸಿ ಸಣ್ಣ ಗುಂಡಿ ತಿರುಗಿಸುವುದಕ್ಕೂ, ಆಚೆ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಒಬ್ಬ ಸೀಟಿ ಊದುವುದಕ್ಕೂ ಸರಿಹೋಯಿತು. ಹುಡುಗಿ ಬೆಚ್ಚಿ ಕಿಟಕಿಯತ್ತ ತಿರುಗಿದಳು. ಬಾಗಿಲಲ್ಲಿ ನಿಂತಿದ್ದ ಬಸವಣ್ಯಪ್ಪ ಗಂಟಲು ಸರಿಮಾಡಿಕೊಂಡು, "ಭಾಗೀ" ಎಂದರು. ಅವಳು ತಿರುಗಿದಳು. ಮತ್ತೆ "ಭಾಗೀ" ಎಂದರು. ಮತ್ತೆ ತಿರುಗಿದಳು. ಕರೆದು ಹೇಳಬೇಕಾದ ಮಾತೇನೂ ಅವರಲ್ಲಿರಲಿಲ್ಲ. ಸುಮ್ಮನೆ ಕರೆಯುತ್ತಲೇ ಇದ್ದರು. ಸುಲೋಚನಕ್ಕ ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಇಂಥದ್ದನ್ನು ಕಂಡ ಮೇಲೆ ಬರೆಯದೆ ಇರಲಾದೀತೆ? ಬರೆದೆ. 'ಕಡಲಾಚೆಯ ಆ ಪೆಟ್ಟಿಗೆಯನ್ನು ಎರಡೂ ಕೈಯೊಡ್ಡಿ ನಾನು ಸ್ವೀಕರಿಸಿದೆ' ಎಂದು ಬರೆದೆ. ಓದುಗರು ಮೆಚ್ಚಿ ಕಾಗದ ಬರೆದರು. ಇನ್ನೂ ಒಬ್ಬರು ಓದಿದ್ದರು, ಕೆಂಪು ಪೆನ್ನು ಹಿಡಿದು.

"ಮೇಡಂ, ಒಂದೇ ಪ್ರಶ್ನೆ," ಎಂದರು ಜಗುಲಿಯ ಮೇಲಿದ್ದ ಅಧಿಕಾರಿ. "ಪೆಟ್ಟಿಗೆ ತಗೊಂಡಿದ್ದು ನೀವಾ, ಸಂಸ್ಥೆನಾ?"

"ಯಾರಾದ್ರೇನ್ರೀ? ಮಕ್ಕಳಿಗೆ ಅಂತ ಕೊಟ್ಟದ್ದು."

"ಹಂಗಲ್ರೀ. ಹೊರದೇಶದವರಿಂದ ಕೊಡುಗೆ ತಗೋಬೇಕಂದ್ರೆ ಸಂಸ್ಥೆ ದಿಲ್ಲಿಯ ಗೃಹ ಇಲಾಖೆಯಲ್ಲಿ ರಿಜಿಸ್ಟರ್ ಆಗಿರಬೇಕು. ಇಲ್ಲಾಂದ್ರೆ ಮೊದಲೇ ಪರ್ಮಿಶನ್ ತಗೋಬೇಕು. ನಿಮ್ಮ ಸಂಸ್ಥೆ ಎರಡೂ ಮಾಡಿಲ್ಲ."

"ದುಡ್ಡಲ್ಲವಲ್ರೀ ಅದು. ಕಿವಿಗೆ ಹಾಕೋ ಮೆಶಿನ್ನು!"

"ಸಾಮಾನೂ ಕೊಡುಗೇನೇ ರೀ, ಕಾನೂನಿನ್ಯಾಗೆ."

"ಹಾಗಾದ್ರೆ ನಾನೇ ತಗೊಂಡೆ ಅಂತ ಬರ್ಕೊಳ್ಳಿ." ಶಾಲೆ ಉಳಿದರೆ ಸಾಕು ಎಂದು ನಾನು ಧೈರ್ಯವಾಗಿ ಹೇಳಿಬಿಟ್ಟೆ.

ಅವರು ನನ್ನನ್ನೇ ನೋಡಿದರು. ನಿಜವಾಗಿಯೂ ಮರುಕದಿಂದ ನೋಡಿದರು. "ಅದು ಇನ್ನೂ ಕಷ್ಟ ಮೇಡಂ. ನೀವು ಅಂಕಣ ಬರಿಯೋರು. ನೀವಂತೂ ತಗೊಳ್ಳಂಗೇ ಇಲ್ಲ."

ಅಷ್ಟರಲ್ಲಿ ನಮ್ಮ ಯಜಮಾನರು ಹೊರಗೆ ಬಂದರು. ಅವರದು ಪಂಪ್‌ಸೆಟ್ ಅಂಗಡಿ. ಬೀಗದ ಕೈ ಆಡಿಸುತ್ತ, "ಏನ್ ಸಾಹೇಬ್ರೆ, ನಮ್ಮ ಮನೆಯಾಕಿ ದೇಶ ಮಾರ್ಯಾಳಾ?" ಎಂದು ನಕ್ಕರು. ಯಾರೂ ನಗಲಿಲ್ಲ. ಅವರ ನಗುವೂ ನಿಂತಿತು.

ಅಧಿಕಾರಿ ಕೆಟ್ಟವರಲ್ಲ. ಅದನ್ನು ಇಲ್ಲಿ ಹೇಳಲೇಬೇಕು. ಹೊರಡುವ ಮುನ್ನ ಅವರೇ ಒಂದು ದಾರಿ ತೋರಿಸಿದರು. ಪೆಟ್ಟಿಗೆಯನ್ನು ಇನ್ನೂ ಸ್ವೀಕರಿಸಿಲ್ಲ, ಅದು ಆ ಹೆಂಗಸಿನದೇ, ನಾವು ಕಾದಿಟ್ಟಿದ್ದೇವೆ ಅಷ್ಟೇ ಎಂದು ಬರೆದುಕೊಡುವುದು. ಕೂಡಲೇ ದಿಲ್ಲಿಗೆ ಅರ್ಜಿ ಹಾಕುವುದು. ಅನುಮತಿ ಬಂದ ಮೇಲೆ ಸ್ವೀಕರಿಸುವುದು.

"ಆದ್ರೆ ಮೇಡಂ, ಅಲ್ಲೀತನಕ ಮಕ್ಕಳು ಉಪಯೋಗಿಸಂಗಿಲ್ಲ. ಉಪಯೋಗಿಸಿದ್ರೆ ಸ್ವೀಕರಿಸಿದಂಗೇ ಆತಲ್ರೀ?"

ಅವರು ಚಪ್ಪಲಿ ಮೆಟ್ಟಿ ಹೋದರು.

ನಾನು ಸೀದಾ ವಕೀಲರ ಮನೆಗೆ ಓಡಿದೆ. ನಮ್ಮ ದೂರದ ಸಂಬಂಧಿ ಶೇಖರಪ್ಪನವರು. ಅವರು ಕಾನೂನಿನ ಪುಸ್ತಕ ತೆಗೆದು, ಕನ್ನಡಕ ಮೂಗಿಗೆ ಇಳಿಸಿ, ಹೊರದೇಶದ ಕೊಡುಗೆ ಯಾರು ಯಾರು ಮುಟ್ಟಬಾರದು ಎಂಬುದನ್ನು ಓದಿದರು. ಚುನಾವಣೆಗೆ ನಿಂತವರು. ಶಾಸಕರು, ಸಂಸದರು. ರಾಜಕೀಯ ಪಕ್ಷಗಳು. ಜಡ್ಜ್‌ಗಳು. ಸರಕಾರಿ ನೌಕರರು. ಪತ್ರಿಕೆಯ ಸಂಪಾದಕರು, ವರದಿಗಾರರು, ವ್ಯಂಗ್ಯಚಿತ್ರ ಬರೆಯುವವರು. ಮತ್ತು... ಅಂಕಣಕಾರರು!

"ನಿಮ್ಮ ಹೆಸರಿಲ್ಲ ಅನ್ನೋದೊಂದು ಬಿಟ್ರೆ ನಿಮಗಂತಲೇ ಬರದಂಗೈತಿ ನೋಡ್ರಿ," ಎಂದರು ಶೇಖರಪ್ಪ.

ನಾನು ಪುಸ್ತಕ ಇಸಿದುಕೊಂಡು ಕಣ್ಣಾರೆ ನೋಡಿದೆ. ಹೌದು. ಇದೆ. ದೇಶದ ಪಾರ್ಲಿಮೆಂಟು ಕೂತು ನನ್ನಂಥವಳ ಬಗ್ಗೆ ಯೋಚಿಸಿದೆ. ಚಟ್ನಿಪುಡಿಯ ಬಗ್ಗೆ ಬರೆಯುವವಳಿಗೂ ಹೈಕೋರ್ಟಿನ ಜಡ್ಜಿಗೂ ಒಂದೇ ಸಾಲಿನಲ್ಲಿ ಎಲೆ ಹಾಕಿದೆ. ಹೆಮ್ಮೆಪಡಬೇಕೋ ಹೆದರಬೇಕೋ?

"'ನಾನು' ಬದಲು 'ನಾವು ಸ್ವೀಕರಿಸಿದೆವು' ಅಂತ ಬರೆದಿದ್ರೆ?" ಎಂದು ಕೇಳಿದೆ.

"ಆಗ ಸಂಸ್ಥೆ ಸಿಗ್ತಿತ್ತು. ಈಗ ನೀವೂ ಸಿಕ್ಕೀರಿ, ಸಂಸ್ಥೆನೂ ಸಿಕ್ಕೈತಿ. ಇದು ಮುಗಿಯೋತನಕ ಇದರ ಬಗ್ಗೆ ಒಂದಕ್ಷರ ಬರೀಬ್ಯಾಡ್ರಿ." ಅದಕ್ಕೇ ಇಷ್ಟು ತಿಂಗಳು ನಾನು ನಿಮಗೂ ಹೇಳಲಿಲ್ಲ.

ಶೇಖರಪ್ಪನವರು ಇನ್ನೊಂದು ಮಾತು ಹೇಳಿದರು. ಕಾನೂನು ಮುರಿದಿದ್ದೇವೆ ಎಂದು ಸಾಬೀತಾದರೆ ಜೈಲಿನವರೆಗೂ ಹೋಗಬಹುದು. ಸುಲೋಚನಕ್ಕ ಜೈಲಿಗೆ! ಶಾಲೆಗೆ ಬೀಗ!

ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಸೊರಬ ತಲುಪುವವರೆಗೂ ನನ್ನ ತಲೆಯಲ್ಲಿ ಇದೇ ಓಡುತ್ತಿತ್ತು. ಸುಲೋಚನಕ್ಕನಿಗೆ ವಿಷಯ ತಿಳಿಸಿದೆ. ಅವರು ಮೊದಲು ನಂಬಲಿಲ್ಲ. ನಂಬಿದ ಮೇಲೆ ಕೆಂಡವಾದರು.

"ನಾ ಮಕ್ಕಳ ಕಿವಿಯಿಂದ ಕೀಳಲ್ಲ ಮಾರಾಯ್ತಿ. ಎಂತ ಬೇಕಾದ್ರೂ ಮಾಡ್ಕಳ್ಳಿ ಅವರು. ಜೈಲಿಗಾದ್ರೂ ಹೋಗ್ತೆ."

"ನೀವು ಜೈಲಿಗೆ ಹೋದ್ರೆ ಈ ಮಕ್ಕಳಿಗೆ ಯಾರಿದಾರೆ ಅಕ್ಕ?"

ಅವರು ಗೋಡೆಯ ಕಡೆ ಮುಖ ತಿರುಗಿಸಿ ನಿಂತರು. "ಹಂಗಾದ್ರೆ ನೀನೇ ಕೀಳು. ನನ್ ಕೈಯಲ್ಲಿ ಆಗಲ್ಲ."

ನಾನೇ ತೆಗೆದೆ.

ಓದುಗರೇ, ಈ ಕೆಲಸ ಹೇಗಿರುತ್ತದೆ ಗೊತ್ತೆ? ಮಕ್ಕಳು ಗಲಾಟೆ ಮಾಡಿದ್ದರೆ, ಅತ್ತಿದ್ದರೆ, ಕೈ ಕಚ್ಚಿದ್ದರೆ ಎಷ್ಟೋ ವಾಸಿಯಿತ್ತು. ಯಾರೂ ಅಳಲಿಲ್ಲ. ಯಂತ್ರದ ಸೆಲ್ಲು ಮುಗಿದಾಗ ಬಿಚ್ಚಿ, ಹೊಸದು ಹಾಕಿ, ವಾಪಸ್ ಕೊಡುವುದು ಅವರಿಗೆ ರೂಢಿಯಾಗಿತ್ತು. ಇದೂ ಅದೇ ಇರಬೇಕು ಎಂದುಕೊಂಡರು. ಒಬ್ಬೊಬ್ಬರೇ ಬಂದು ಕಿವಿ ಕೊಟ್ಟರು. ಭಾಗ್ಯ ತಾನೇ ಬಿಚ್ಚಿ, ಲಂಗದ ಅಂಚಿನಲ್ಲಿ ಒರೆಸಿ ಕೊಟ್ಟಳು. ಆಮೇಲೆ ನನ್ನ ಮುಂದೆ ಅಂಗೈ ಚಾಚಿ ನಿಂತಳು.

ನಾನು ಪೆಟ್ಟಿಗೆ ಮುಚ್ಚಿದೆ. ಅವಳು ಕೈ ಚಾಚಿಕೊಂಡೇ ನಿಂತಿದ್ದಳು.

ಸುಲೋಚನಕ್ಕ ಬಂದು ಕೈಸನ್ನೆಯಲ್ಲಿ ಏನೇನೋ ಹೇಳಿದರು. ಸ್ವಲ್ಪ ದಿನ. ಕಾಯಬೇಕು. ದೂರದಲ್ಲಿ ದೊಡ್ಡವರಿದ್ದಾರೆ, ಅವರು ಹೂಂ ಅನ್ನಬೇಕು. ಹುಡುಗಿ ನೋಡಿದಳು. ತನ್ನ ಎದೆ ಮುಟ್ಟಿಕೊಂಡಳು. ಕೈಯನ್ನು ತಟಕ್ಕನೆ ಮಗುಚಿದಳು. ಹುಬ್ಬೆತ್ತಿ ನಮ್ಮಿಬ್ಬರನ್ನೂ ನೋಡಿದಳು.

"ಏನಂತಾಳೆ?" ಎಂದೆ.

"ನಾನು ಏನು ತಪ್ಪು ಮಾಡಿದೆ ಅಂತ ಕೇಳ್ತಾಳೆ," ಎಂದರು ಸುಲೋಚನಕ್ಕ.

ವಿದೇಶಿ ಕೊಡುಗೆ ನಿಯಂತ್ರಣ ಕಾಯ್ದೆಯನ್ನು ಕೈಸನ್ನೆಯಲ್ಲಿ ಹೇಳುವುದು ಹೇಗೆ? ಬಾಯಲ್ಲಿ ಹೇಳಿದರೇ ಎಂ.ಎ. ಓದಿದ ನನಗೆ ಅರ್ಥವಾಗಿರಲಿಲ್ಲ.

ಕೆಲವು ದಿನ ಕಳೆದ ಮೇಲೆ ಭಾಗ್ಯ ಶಾಲೆ ಬಿಟ್ಟಳು. ಬಸವಣ್ಯಪ್ಪ ಬಂದು ಅವಳ ಬಟ್ಟೆಗಂಟು ಕಟ್ಟಿಕೊಂಡು ಹೋದರು. ಹೋಗುವಾಗ ನನ್ನನ್ನು ಕೇಳಿದರು: "ನನ್ ಹುಡುಗಿ ಕಿವಿಗೂ ದಿಲ್ಲಿಗೂ ಎಂತ ಸಂಬಂಧ ಹೇಳಿ ನೋಡನ? ಕೊಡದೇ ಇದ್ರೆ ನಾವೇನ್ ಕೇಳ್ತಿದ್ವಾ? ಕೊಟ್ಟು ಕಿತ್ಕಂಡ್ರಲ್ಲ."

ಕಾನೂನು ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಹೊರಗಿನ ದುಡ್ಡು ಬಂದು ನಮ್ಮ ಚುನಾವಣೆ ನಡೆಸಬಾರದು, ನಮ್ಮ ಪೇಪರುಗಳಿಗೆ ಏನು ಬರೆಯಬೇಕೆಂದು ಹೇಳಿಕೊಡಬಾರದು. ಒಪ್ಪುತ್ತೇನೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಹುಟ್ಟಿದ ಕಾಯ್ದೆಯಂತೆ. ಎಲ್ಲರ ಮೇಲೂ ಅನುಮಾನವಿದ್ದ ಕಾಲ. ಆದರೆ ಈಗ ಕಾಲ ಬದಲಾಗಿದೆ ಎನ್ನುತ್ತಾರಲ್ಲ? ಬಾಗಿಲು ತೆರೆದಿದ್ದೇವೆ, ಪ್ರಪಂಚವೇ ಒಳಗೆ ಬರಲಿ ಎನ್ನುತ್ತಾರಲ್ಲ? ಬಂದಿದೆ. ಅಂಜನಾಪುರದ ಡ್ಯಾಮಿನ ಪಕ್ಕದ ಗೂಡಂಗಡಿಯಲ್ಲೂ ಅಮೆರಿಕದ ಕೋಲಾದ ಬೋರ್ಡು ನೇತಾಡುತ್ತಿದೆ. ಅದನ್ನು ಕುಡಿಯುವವರ ಹತ್ತಿರ ಯಾರೂ ಅನುಮತಿ ಕೇಳುವುದಿಲ್ಲ. ಮಾರಲು ಬಂದವರಿಗೆ ಕೆಂಪು ಹಾಸು, ಕೊಡಲು ಬಂದವರಿಗೆ ಕೆಂಪು ಪೆನ್ನು. ಇದು ಯಾವ ಸೀಮೆಯ ನ್ಯಾಯ?

ಇರಲಿ. ನಾನು ಕಮಿಟಿಗೆ ರಾಜೀನಾಮೆ ಕೊಟ್ಟೆ. ಅಂಕಣ ಬಿಡು ಇಲ್ಲವೇ ಶಾಲೆ ಬಿಡು ಎಂದರೆ ಅಂಕಣವನ್ನೇ ಬಿಡುತ್ತಿದ್ದೆ. ಆದರೆ ಬರೆದ ಸಾಲಿನ ಕೆಳಗೆ ಕೆಂಪು ಗೆರೆ ಬಿದ್ದವಳು ದೂರ ಸರಿದರೇ ಶಾಲೆಗೆ ಕ್ಷೇಮ ಎಂದರು ಶೇಖರಪ್ಪ. ಇಲಾಖೆಯವರು ನನಗೆ ಬರೀ ಎಚ್ಚರಿಕೆ ಕೊಟ್ಟು ಬಿಟ್ಟರು. ಸುಲೋಚನಕ್ಕ ದಿಲ್ಲಿಗೆ ಅರ್ಜಿ ಹಾಕಿದರು. ದಿಲ್ಲಿಯವರು ಶಿವಮೊಗ್ಗಕ್ಕೆ ಬರೆದರು, ಈ ಶಾಲೆ ಎಂಥದು ನೋಡಿ ಬನ್ನಿ ಎಂದು. ನೋಡಲು ಬಂದವರು ಯಾರು? ಅದೇ ಅಧಿಕಾರಿ.

ನಾನು ಆ ದಿನ ಅಲ್ಲಿರಲಿಲ್ಲ, ಸುಲೋಚನಕ್ಕ ಹೇಳಿದ್ದು. ಅಧಿಕಾರಿ ಮಕ್ಕಳ ಎದುರು ಕೂತು ಜೋರಾಗಿ ಹೆಸರು ಕೇಳತೊಡಗಿದರಂತೆ. ಕಿವುಡರ ಮುಂದೆ ಎಲ್ಲರೂ ಜೋರಾಗಿಯೇ ಮಾತಾಡುತ್ತಾರಲ್ಲ, ಹಾಗೆ. ಒಬ್ಬ ಪುಟ್ಟ ಹುಡುಗ ಎದ್ದು ಬಂದು ಅವರ ಗಂಟಲ ಮೇಲೆ ಕೈಯಿಟ್ಟನಂತೆ. ನಮ್ಮ ಶಾಲೆಯಲ್ಲಿ ಮಕ್ಕಳು ಮಾತು ಕಲಿಯುವುದು ಹಾಗೆ. ಟೀಚರಿನ ಗಂಟಲು ಅದುರುವುದನ್ನು ಕೈಯಲ್ಲಿ ಹಿಡಿದು ನೋಡಿ. ಪೊಲೀಸ್ ಅಧಿಕಾರಿಯ ಗಂಟಲಿಗೆ ಕೈ! ಅವರು ಒಂದು ಕ್ಷಣ ಸೆಟೆದುಕೊಂಡರು. ಆಮೇಲೆ ಅಂಗಿಯ ಮೇಲಿನ ಗುಂಡಿ ಬಿಚ್ಚಿ, ತಮ್ಮ ಹೆಸರನ್ನು ನಿಧಾನವಾಗಿ, ಮತ್ತೆ ಮತ್ತೆ ಹೇಳುತ್ತ ಕೂತರು. ಎಲ್ಲ ಮಕ್ಕಳೂ ಸಾಲಾಗಿ ಬಂದು ಮುಟ್ಟಿ ನೋಡಿದರು.

"ಆ ಮನುಷ್ಯ ಹೋಗುವಾಗ ಅಂಗಿ ಗುಂಡಿ ಹಾಕದನ್ನೇ ಮರೆತಿದ್ರು ಮಾರಾಯ್ತಿ," ಎಂದರು ಸುಲೋಚನಕ್ಕ.

ಅವರ ವರದಿ ಚೆನ್ನಾಗಿಯೇ ಹೋಗಿರಬೇಕು. ಆದರೂ ಮಳೆಗಾಲ ಕಳೆಯಿತು, ಗದ್ದೆಗಳ ಕೊಯ್ಲಾಯಿತು, ಆಮೇಲೆ ಅನುಮತಿ ಬಂತು. ಸುಲೋಚನಕ್ಕ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ ಅಳುತ್ತ ನಗುತ್ತ ಹೇಳಿದರು. ಮಕ್ಕಳ ಕಿವಿಗೆ ಯಂತ್ರಗಳು ಮರಳಿದವು. ಭಾಗ್ಯ ಮಾತ್ರ ಶಾಲೆಯಲ್ಲಿರಲಿಲ್ಲ. ಅವಳದನ್ನು ನಾವೇ ಕೊಂಡೊಯ್ದು ಕೊಟ್ಟು, ಅವಳನ್ನು ಕರೆತರೋಣ ಎಂದರು.

ಕಳೆದ ಭಾನುವಾರ ಇಬ್ಬರೂ ಜಡೆಗೆ ಹೋದೆವು. ಅಂಗಳದಲ್ಲಿ ಭಾಗ್ಯ ಕರುವಿಗೆ ಹುಲ್ಲು ತಿನ್ನಿಸುತ್ತಿದ್ದಳು. ಸುಲೋಚನಕ್ಕನನ್ನು ಕಂಡು ಓಡಿಬಂದಳು. ಅವರ ಹಿಂದೆ ನಾನಿದ್ದೆ. ನನ್ನನ್ನು ನೋಡಿದ್ದೇ ತಡ, ನಿಂತಲ್ಲೇ ತಿರುಗಿ ಮನೆಯೊಳಗೆ ಓಡಿದಳು.

ಬಸವಣ್ಯಪ್ಪನವರಿಗೆ ಮುಜುಗರವಾಯಿತು. "ಬೇಜಾರು ಮಾಡ್ಕಬೇಡಿ ಅಮ್ಮ. ಹುಡುಗು ಬುದ್ಧಿ," ಎಂದು ಚಾಪೆ ಹಾಸಿದರು. ಒಳಗೆ ಸುಲೋಚನಕ್ಕ ಅವಳಿಗೆ ಯಂತ್ರ ಹಾಕುತ್ತಿದ್ದರು. ಅವಳ ತಾಯಿ ಹೆಸರು ಹಿಡಿದು ಕರೆಯುವುದು, ಅವಳು ತನ್ನ ದಪ್ಪ ದನಿಯಲ್ಲಿ ಏನೋ ಉತ್ತರ ಕೊಡುವುದು ನನಗೆ ಕೇಳಿಸಿತು. ಅಷ್ಟು ಸಾಕಲ್ಲವೇ? ಸಾಕು ಎಂದು ನನಗೆ ನಾನೇ ಹೇಳಿಕೊಂಡೆ.

ಸುಲೋಚನಕ್ಕ ಹೊರಗೆ ಬಂದು ನನ್ನ ಪಕ್ಕ ಕೂತರು. ಶಾಲೆಗೆ ಬರುತ್ತಾಳಂತೆ, ಆದರೆ ಒಂದು ಷರತ್ತು ಹಾಕಿದ್ದಾಳೆ ಎಂದರು.

"ಏನಂತೆ?"

ಅವರು ಹೇಳಲು ಹಿಂಜರಿದರು. ನಾನು ಒತ್ತಾಯ ಮಾಡಿದೆ.

"ಕಿವಿ ತಗೊಂಡು ಹೋಗೋ ಹೆಂಗಸು ಅಲ್ಲಿಗೆ ಬರಬಾರ್ದಂತೆ. ಕಿವಿ ಕೊಟ್ಟ ಹೆಂಗಸು ಯಾವಾಗ ವಾಪಸ್ ಬರ್ತಾಳೆ, ಅವಳು ನಮ್ಮೋಳಲ್ವಾ ಅಂತ ಕೇಳ್ತಾಳೆ."

ನಾನು ಶಿಕಾರಿಪುರದವಳು. ಜಡೆಯ ಭಾಷೆ ನನ್ನದೇ, ಅಂಗಳದ ಸೆಗಣಿಯ ವಾಸನೆಯೂ ನನ್ನದೇ. ಎಲ್ಸ್ ಬಂದದ್ದು ಏಳು ಸಮುದ್ರದಾಚೆಯಿಂದ. ದಿಲ್ಲಿಯ ಕಾಯ್ದೆ ನಮ್ಮಿಬ್ಬರ ಬಗ್ಗೆ ಏನು ಹೇಳುತ್ತದೆಂಬುದು ನನಗೆ ಈಗ ಬಾಯಿಪಾಠ.

ಭಾಗ್ಯಳನ್ನು ಕೇಳಿದರೆ, ನಮ್ಮಿಬ್ಬರಲ್ಲಿ ಪರದೇಶಿ ಯಾರು?